ಎರೆಗುಂಡಿಯ ಕಳ್ಳ

ನಮ್ಮ ಅತ್ತೆಯ ಎಡಗಣ್ಣು ಸದಾ ಅರ್ಧ ಮುಚ್ಚಿರುತ್ತಿತ್ತು. ಡಾಕ್ಟರು ಕಣ್ಣು ಸರಿಯಾಗಿದೆ ಎಂದಿದ್ದರು. ಅತ್ತೆಗೆ ಆ ಡಾಕ್ಟರ ಮೇಲೂ ಅನುಮಾನ. ನೆಂಟರ ಮನೆಯಲ್ಲಿ ಕಾಫಿ ಕೊಟ್ಟರೆ ಚಿಕೋರಿ ಎಷ್ಟಿದೆ ಎಂದು ಮೂಸಿ ನೋಡಿಯೇ ಕುಡಿಯುತ್ತಿದ್ದರು. ನಾನು ಹೇಳದೆ ಹೋದರೆ, ಕೂತುಕೋ ಎನ್ನುವ ಮೊದಲು "ಯಾಕೆ ಬಂದೆ?" ಎನ್ನುವರು. ನನಗೆ ಅವರೆಂದರೆ ಪ್ರಾಣ.

ಅವರು ಅಪ್ಪನ ಅಕ್ಕ. ಸಂಸೆಯಲ್ಲಿ ಕಾಫಿ ಸಸಿಗಳ ನರ್ಸರಿ ನಡೆಸುತ್ತಿದ್ದರು. ಲೋಕದಲ್ಲಿ ಅವರು ನಂಬಿದ್ದು ಎರೆಹುಳುಗಳನ್ನು ಮಾತ್ರ. ಮನೆಯ ಹಿಂದೆ, ಒದ್ದೆ ಗೋಣಿ ಹೊದಿಸಿದ ಗುಂಡಿಯಲ್ಲಿ ಅವು ಮಾಡಿದ ಗೊಬ್ಬರದಿಂದಲೇ ಸಸಿಗಳೆಲ್ಲ ಏಳಬೇಕು.

ಒಂದು ಮಳೆಗಾಲ ಹುಳುಗಳು ಕಡಿಮೆಯಾಗತೊಡಗಿದವು. ಕಳ್ಳನನ್ನು ಹಿಡಿಯಲು ಅತ್ತೆಗೆ ಒಂದು ದಿನವೂ ಬೇಕಾಗಲಿಲ್ಲ. ಪಕ್ಕದ ಮನೆಯ ರಿಟೈರ್ಡ್ ಬಸ್ ಡ್ರೈವರ್ ಸಂಜೆಯಾದರೆ ಭದ್ರಾ ಹೊಳೆಯಲ್ಲಿ ಗಾಳ ಹಾಕಿ ಕೂರುತ್ತಿದ್ದರು. ಕಳಸದಿಂದ ಅತ್ತೆಯ ಮಾತ್ರೆ ತಂದುಕೊಡುತ್ತಿದ್ದವರೂ ಅವರೇ. ಅತ್ತೆ ಬೇಲಿಯ ಹತ್ತಿರ ನಿಂತು ಕೇಳಿಯೇಬಿಟ್ಟರು: "ಡ್ರೈವರ್ರೇ, ನನ್ನ ಗುಂಡಿ ಹುಳ ನಿಮ್ಮ ಗಾಳಕ್ಕೆ ಹೆಂಗೆ ಬಂತು?"

ಅಂದಿನಿಂದ ಡ್ರೈವರ ಗಾಳ ಮಾಡಿನ ಕೆಳಗೆ ಸೇರಿತು. ತಪ್ಪಿಲ್ಲದವರು ಯಾಕೆ ನಿಲ್ಲಿಸಬೇಕು ಎಂದು ಅತ್ತೆ ಅದನ್ನೂ ಸಾಕ್ಷಿ ಮಾಡಿಕೊಂಡರು. ಮಾತ್ರೆಗೆ ತಾವೇ ಬಸ್ಸು ಹತ್ತಿದರು.

ನಾನು ಹೋಗಿದ್ದಾಗ ಒಂದು ಬೆಳಿಗ್ಗೆ ಗೋಣಿ ಎತ್ತಿದೆವು. ಲೋಳೆಲೋಳೆಯಾದ ಉದ್ದನೆಯ ಚಪ್ಪಟೆ ಹುಳು, ಬೆನ್ನಿಗೆ ಕಪ್ಪು ಗೆರೆ, ತಲೆ ಬೀಸಣಿಗೆಯಂತೆ ಅಗಲ. ಎರೆಹುಳುವಿಗೆ ಸುತ್ತಿಕೊಂಡು ತಿನ್ನುತ್ತಿತ್ತು. ಅತ್ತೆ ಕತ್ತಿಯಿಂದ ಕೊಚ್ಚಿ, ಗೊಬ್ಬರವಾಗಲಿ ಎಂದು ಚೂರುಗಳನ್ನು ಅಲ್ಲೇ ಮುಚ್ಚಿದರು. ತಿಂಗಳೊಳಗೆ ನಾನು ಮತ್ತೆ ಹೋದಾಗ ಅಂಥವೇ ಹಲವು ಹುಳುಗಳು ಹರಿದಾಡುತ್ತಿದ್ದವು.

ಇವು ಕುಂಡದ ಮಣ್ಣಿನ ಜೊತೆ ಬರುತ್ತವೆ, ಕತ್ತರಿಸಿದರೆ ಚೂರು ಚೂರೂ ಹುಳುವಾಗುತ್ತದೆ ಎಂದು ಫೋನಿನಲ್ಲಿ ಓದಿ ಹೇಳಿದೆ. ನಿನ್ನ ಫೋನಿಗೆ ಹೇಳಿದ್ದು ಯಾರು ಎಂದರು. ಆದರೂ ಚಿಕ್ಕಮಗಳೂರಿನಿಂದ ತಾವೇ ಆರಿಸಿ ತಂದಿದ್ದ ಹೂವಿನ ಕುಂಡಗಳನ್ನು ಬಹಳ ಹೊತ್ತು ನೋಡುತ್ತಾ ನಿಂತರು. ಆಮೇಲೆ ಕಡ್ಡಿಯಲ್ಲಿ ಚಪ್ಪಟೆ ಹುಳುಗಳನ್ನು ಹೆಕ್ಕಿ ಹೆಕ್ಕಿ ಉಪ್ಪುನೀರಿಗೆ ಹಾಕಿದರು. ಒಂದನ್ನು ಮಾತ್ರ ಭರಣಿಗೆ ತುಂಬಿ ಪಕ್ಕದ ಮನೆಯ ಜಗಲಿಯ ಮೇಲಿಟ್ಟರು.

"ಕಳ್ಳ ಸಿಕ್ದ. ಕರ್ಕಂಡು ಬಂದಿದ್ದು ನಾನೇ."

ಡ್ರೈವರ್ ಭರಣಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. "ಹಂಗಾರೆ ಗಾಳ ತೆಗೀಲಾ ಅಮ್ಮ?"

"ತೆಗೀರಿ. ಹುಳ ನನ್ನ ಹತ್ರ ಕೇಳಿ."

ಮೀನಿನ ಹೆಸರೆತ್ತದ ಮನೆ ನಮ್ಮದು. ಎರೆಹುಳುಗಳು ಚೇತರಿಸಿಕೊಂಡ ಮೇಲೆ ಅತ್ತೆ ವಾರಕ್ಕೊಮ್ಮೆ ಅಡಿಕೆ ಹಾಳೆಯಲ್ಲಿ ಒಂದು ಹಿಡಿ ಹುಳು ತಾವೇ ಎತ್ತಿ ಬೇಲಿಯಾಚೆ ಕೊಡುತ್ತಿದ್ದರು. ಎಲ್ಲಿ ಕೂರುತ್ತೀರಿ, ಏನು ಸಿಕ್ಕಿತು ಎಂಬ ವಿಚಾರಣೆ ಮಾತ್ರ ತಪ್ಪುತ್ತಿರಲಿಲ್ಲ.

ಈ ವರ್ಷ ಮಳೆ ಹಿಡಿಯುವ ಹೊತ್ತಿಗೆ ಅತ್ತೆ ತೀರಿಕೊಂಡರು. ಕಾರ್ಯ ಮುಗಿದ ಮೇಲೆ ಡ್ರೈವರ್ ಗುಂಡಿಯ ಹತ್ತಿರ ನಿಂತಿದ್ದರು. ಬೇಕಾದಷ್ಟು ತೆಗೆದುಕೊಳ್ಳಿ ಎಂದೆ. ಅವರು ಕೈ ಹಿಂದಕ್ಕೆ ಕಟ್ಟಿಕೊಂಡರು.

"ಅಮ್ಮ ಕೊಡ್ದೆ ನಾನು ಒಂದ್ ಹುಳಾನೂ ಮುಟ್ಟಿಲ್ಲ."

ನಾನೇ ಗೋಣಿ ಸರಿಸಿ ಗುಂಡಿಗೆ ಕೈಹಾಕಿದೆ.