ಹೊಂಗೆಸಂಹಾರಿ ಕೋದಂಡಪ್ಪ

ಊರಿಗಾಂ ಚಿನ್ನದ ಗಣಿಯ ಲೈನುಮನೆಯ ಕೋದಂಡಪ್ಪನವರಿಗೆ ಈ ಭೂಮಂಡಲದಲ್ಲಿ ಇರುವುದು ಒಬ್ಬನೇ ವೈರಿ, ಬಾಗಿಲ ಮುಂದಿನ ಹೊಂಗೆಮರ. ಹೆಸರಿನಲ್ಲಿ ಕೋದಂಡವಿದ್ದರೂ ಕೈಯಲ್ಲಿರುವುದು ಕುಡುಗೋಲು ಕಟ್ಟಿದ ದೋಟಿ. ಬೆಳಗಾದರೆ ಮೂಗಿಗೆ ಟವೆಲ್ ಸುತ್ತಿಕೊಂಡು ಈ ಮಹಾಶೂರರು ರಣರಂಗಕ್ಕೆ ಇಳಿಯುತ್ತಾರೆ. ಎಲೆ ಉದುರಿದರೆ ವಿಷ, ಹೂವು ಉದುರಿದರೆ ಮಹಾವಿಷ. ಮರದ ಕಡೆಯ ಕಿಟಕಿಗೆ ಮೊಳೆ ಹೊಡೆದಿದ್ದಾರೆ. ಊರಿನ ಇನ್ನೊಂದು ಕಡೆ ಚಿನ್ನ ತೆಗೆದು ಮಿಕ್ಕ ಗಣಿಯ ಮಣ್ಣು ಸುರಿದು ಸುರಿದು ಎದ್ದ ಸೈನೈಡ್ ಗುಡ್ಡವಿದೆ. ಅತ್ತ ಮಾತ್ರ ಅವರು ತಿರುಗಿಯೂ ನೋಡುವುದಿಲ್ಲ. ಹೊಂಗೆಯಲ್ಲಿ ಒಂದು ಹೂವೂ ಇಲ್ಲದ ಆಷಾಢದಲ್ಲಿ, ಗುಡ್ಡದ ಗಾಳಿಗೆ ಕಾಫಿಯ ಮೇಲೆ ಬಿಳಿ ಧೂಳು ಕೆನೆಗಟ್ಟಿದರೆ ಲೋಟ ಎತ್ತಿ ತೋರಿಸಿ, "ನೋಡ್ರಲಾ, ಹೂವಿನ್ ಪುಡಿ!" ಎಂದು ಗರ್ಜಿಸುತ್ತಾರೆ. ಒಳಗೆ ಹೆಂಡತಿ ಕೆಮ್ಮಿದಾಗಲೆಲ್ಲ ಹೊರಗೆ ಒಂದು ಕೊಂಬೆ ಬೀಳುತ್ತದೆ. ಮರ ಬೋಳಾದಷ್ಟೂ ಕೆಮ್ಮು ಹೆಚ್ಚುತ್ತಿದೆ, ಸೇನಾಧಿಪತಿಗಳ ನಂಬಿಕೆ ಮಾತ್ರ ಎಳ್ಳಷ್ಟೂ ಕುಗ್ಗಿಲ್ಲ. ಮೊನ್ನೆ ಬುಡಕ್ಕೇ ಕೊಡಲಿ ಎತ್ತಿದಾಗ, ಅಳಿದುಳಿದ ನೆರಳಿನಲ್ಲಿ ಸೊಪ್ಪು ಮಾರುವ ಮುನಿಶಾಮಮ್ಮ ಮರಕ್ಕೆ ಅಡ್ಡ ನಿಂತಳು. "ಅಣ್ಣೋ, ಅಷ್ಟ್ ದೊಡ್ ಗುಡ್ಡ ನಿನ್ ಕಣ್ಗೆ ಕಾಣ್ಸಲ್ವಾ? ಅಕ್ಕನ್ನ ಕೆಮ್ಮುಸ್ತಿರೋದು ಅದು, ಈ ಮರ ಅಲ್ಲ!" ಎಂದು ಬೀದಿಗೆಲ್ಲ ಕೇಳುವಂತೆ ಜಾಡಿಸಿದಳು. ಕೋದಂಡಪ್ಪನವರು ಒಳಗಿನ ಕೆಮ್ಮು ನಿಲ್ಲುವವರೆಗೆ ಕಾದರು. ಆಮೇಲೆ, ಮುನಿಶಾಮಮ್ಮನಿಗಷ್ಟೇ ಕೇಳುವಂತೆ, "ಗೊತ್ತಮ್ಮಾ" ಎಂದರು. "ಅವ್ಳು ಕೆಮ್ತಿದ್ರೆ ಸುಮ್ನೆ ಕೂತಿರಾಕೆ ಆಗಲ್ಲ. ಗುಡ್ಡ ಕಡಿಯೋ ಕೊಡ್ಲಿ ಎಲ್ ಸಿಕ್ತದೆ?"