ರವೆ ಹುರಿದವರು ಯಾರು

ನಮ್ಮಪ್ಪ ಮಿಲ್ಟ್ರಿಯಿಂದ ಪಿಂಚಣಿ ಪಡೆದು ಅಜ್ಜಂಪುರಕ್ಕೆ ಬಂದಾಗ ಬೀದಿಯವರು ಯುದ್ಧದ ಕತೆ ಕೇಳಲು ಜಗಲಿ ಮೇಲೆ ಸೇರಿದರು. ಗಡಿಯಲ್ಲಿ ವರ್ಷಗಟ್ಟಲೆ ಲಾರಿ ಓಡಿಸಿದವನು. ಕತೆಗೇನು ಬರ ಅಂದುಕೊಂಡಿದ್ದರು. ಅಪ್ಪ ಹೇಳಿದ್ದು ಬೇಳೆಯ ಕತೆ. ಅಷ್ಟು ಎತ್ತರದ ಚಳಿಯಲ್ಲಿ ಎಷ್ಟು ಕುದಿಸಿದರೂ ಬೇಳೆ ಬೇಯುವುದಿಲ್ಲವಂತೆ, ಅಲ್ಲಿ ಎಲ್ಲರೂ ಸರದಿ ಮೇಲೆ ಅಡುಗೆ ಮಾಡಬೇಕಿತ್ತಂತೆ.

“ಗುಂಡು ಹಾರ್ಸಿದ್ದು ಹೇಳಿ ಹವಾಲ್ದಾರ್ರೇ.”

“ಅದ್ರಲ್ಲೇನೈತೆ, ಕಿವಿ ಹೋಯ್ತದೆ ಅಷ್ಟೆ.”

ಜನ ಬರುವುದು ನಿಂತಿತು.

ಆಗ ಅವ್ವನ ಕೈಬೆರಳ ಗೆಣ್ಣುಗಳು ಊದಿಕೊಂಡು, ಬೆಳಗ್ಗೆ ಎದ್ದರೆ ಚೊಂಬು ಹಿಡಿಯಲೂ ಆಗುತ್ತಿರಲಿಲ್ಲ. ತರೀಕೆರೆ ಡಾಕ್ಟರ ಮಾತ್ರೆ, ಬುಕ್ಕಾಂಬುಧಿಯಿಂದ ತಂದ ಎಣ್ಣೆ, ಯಾವುದೂ ನಾಟಲಿಲ್ಲ. ಅಪ್ಪ ಬಂದ ಸ್ವಲ್ಪ ದಿನಕ್ಕೇ ಒಲೆ ಅವನ ಕೈಗೆ ಹೋಯಿತು. ಸ್ನಾನ, ಲಿಂಗಪೂಜೆ ಮುಗಿಸಿ, ಹಣೆಯ ವಿಭೂತಿ ಆರುವ ಮೊದಲೇ ಪಂಚೆ ಎತ್ತಿ ಕಟ್ಟಿ ಮುದ್ದೆ ತೊಳಸಲು ನಿಲ್ಲುತ್ತಿದ್ದ. ಅವ್ವನ ತಲೆ ಬಾಚಿ ಜಡೆ ಹಾಕುವುದೂ ಅವನೇ. ಜಡೆ ಮಾತ್ರ ಲಾರಿಯ ಮೇಲೆ ಸಾಮಾನು ಬಿಗಿಯುವ ಹಗ್ಗದ ಹಾಗಿರುತ್ತಿತ್ತು.

ಅವ್ವನಿಗೆ ಇದರಲ್ಲಿ ಸುಖಕ್ಕಿಂತ ನಾಚಿಕೆ ಹೆಚ್ಚು. ಗಂಡಸು ಸೌಟು ಹಿಡಿಯುವ ಮನೆ ಎಂದು ಹೆಸರಾದರೆ ಬೆಳೆದ ಮಗಳನ್ನು ಯಾರು ಕೇಳುತ್ತಾರೆ? ಅಪ್ಪ ಒಗ್ಗರಣೆ ಹಾಕುವ ಹೊತ್ತಿಗೆ ಸರಿಯಾಗಿ ಮುಂಬಾಗಿಲಲ್ಲಿ ನಿಂತು ಸೆರಗಿಗೆ ಕೈ ಒರೆಸಿಕೊಳ್ಳುತ್ತಿದ್ದಳು, ಈಗ ತಾನೇ ಒಲೆ ಮುಂದಿಂದ ಎದ್ದು ಬಂದವಳ ಹಾಗೆ.

ಆ ಬೆಳೆದ ಮಗಳು ನಾನು. ಕಡೂರಿನ ಕಾಲೇಜಿಗೆ ರೈಲಿನಲ್ಲಿ ಹೋಗಿಬರುತ್ತಿದ್ದೆ. ಚಿಂತೆ ಮಾಡುವುದರಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ, ಈಗಲೂ ಇಲ್ಲ. ರೈಲು ತಪ್ಪೀತೆಂದು ಬಹಳ ಮುಂಚೆ ಹೋಗಿ ಕೂರುವುದು, ಹತ್ತಿದ ಮೇಲೆ ಇದು ನನ್ನ ರೈಲೇ ಹೌದೋ ಎಂದು ಬೆವರುವುದು. ಅಡುಗೆಯೊಂದರ ಚಿಂತೆ ಮಾತ್ರ ಇರಲಿಲ್ಲ. ಒಲೆ ಹತ್ತಿರ ಹೋದರೆ ಅಪ್ಪ, “ಓದ್ಕೋ ಹೋಗು ಮಗಾ, ಇಲ್ಲಿ ಡ್ಯೂಟಿ ನಂದು” ಎಂದು ಅಟ್ಟುತ್ತಿದ್ದ. ನಾನೂ ಬಲವಂತ ಮಾಡಿದವಳಲ್ಲ.

ಎಂಬತ್ತರ ದಶಕದ ಶುರುವಿನಲ್ಲಿ ತರೀಕೆರೆಯಿಂದ ಒಂದು ಸಂಬಂಧ ಬಂತು. ಹುಡುಗ ಹೈಸ್ಕೂಲು ಮೇಷ್ಟ್ರು. ನೆಂಟರ ಮದುವೆಯಲ್ಲಿ ನೋಡಿದ್ದೆ. ನನಗೆ ಒಪ್ಪಿಗೆಯಿತ್ತು, ಒಪ್ಪಿಗೆಗಿಂತ ಸ್ವಲ್ಪ ಹೆಚ್ಚೇ ಇತ್ತು. ಅವ್ವ ಅಪ್ಪನಿಂದ ಮಾತು ತೆಗೆದುಕೊಂಡಳು. “ಎಲ್ಲಾ ಮಾಡಿಟ್ಟು ಆಚೆ ಕೂತ್ಕೊಂಬಿಡಿ. ಮಗು ಮಾಡಿದ್ದು ಅಂತ ನಾನ್ ಹೇಳ್ತೀನಿ. ನೀವು ಬಾಯಿ ಬಿಡ್ಬ್ಯಾಡಿ ಕಣ್ರೀ.”

ಅವರು ಹೆಣ್ಣು ನೋಡಲು ಬಂದ ದಿನ ಅಪ್ಪ ಗಂಜಿ ಹಾಕಿದ ಅಂಗಿ ತೊಟ್ಟು, ಪೆರೇಡಿನಲ್ಲಿ ನಿಂತವನ ಬಿಗಿಯಲ್ಲೇ ಕುರ್ಚಿಯಲ್ಲಿ ಕೂತ. ಹುಡುಗನ ಸೋದರತ್ತೆ ಉಪ್ಪಿಟ್ಟು ಬಾಯಿಗಿಟ್ಟು ಮುಖ ಅರಳಿಸಿದರು.

“ಎಷ್ಟು ಉದುರುದುರಾಗೈತೆ! ನೀನೇ ಮಾಡಿದ್ದೇನಮ್ಮಾ?”

ಹೌದೆಂದು ತಲೆಯಾಡಿಸಿದೆ.

“ರವೆ ಮೊದ್ಲೇ ಹುರ್ಕೊಂಡ್ಯಾ, ಒಗ್ಗರಣೇಲೇ ಹುರಿದ್ಯಾ?”

“ನೀರು ಹಾಕಿದ್ ಮೇಲೆ” ಎಂದೆ.

ಅತ್ತೆಯ ಕೈ ತಟ್ಟೆಯಲ್ಲೇ ನಿಂತಿತು. ಮೇಷ್ಟ್ರು ಚಾವಣಿ ನೋಡತೊಡಗಿದರು. ನನ್ನ ಬೆನ್ನಲ್ಲಿ ಬೆವರು ಇಳಿಯಿತು.

“ಮೊದ್ಲೇ ಹುರ್ದಿದ್ದು ಕಣ್ರಮ್ಮ,” ಅಂದ ಅಪ್ಪ. “ನಾನೇ ಹುರ್ದಿದ್ದು. ನಮ್ಮನೆಯವಳಿಗೆ ಕೈ ಆಗಲ್ಲ, ಅಡುಗೆ ಎಲ್ಲಾ ನಂದೇ.”

“ಹಂಗಾದ್ರೆ ಹುಡುಗೀನ ಬಿಟ್ಟು ನಿಮ್ಮನ್ನೇ ಕರ್ಕೊಂಡ್ ಹೋಗ್ಬೇಕು ನಾವು!”

“ಬತ್ತೀನಿ. ಮೇಷ್ಟ್ರಿಗೂ ಒಂದಿಷ್ಟು ಕಲಿಸ್ಕೊಟ್ಟು ವಾಪಸ್ ಬತ್ತೀನಿ.”

ನಕ್ಕವನು ಅಪ್ಪನೊಬ್ಬನೇ.

ವಾರದೊಳಗೆ ಸಂಬಂಧ ತಂದವರ ಬಾಯಲ್ಲಿ ಉತ್ತರ ಬಂತು. ಅಪ್ಪನನ್ನು ಒಲೆ ಮುಂದೆ ಕೂರಿಸಿದ ಹುಡುಗಿ ನಾಳೆ ನಮ್ಮ ಹುಡುಗನನ್ನೂ ಕೂರಿಸುತ್ತಾಳೆ, ಬೇಡ. ನಾನು ಪುಸ್ತಕ ಮುಖಕ್ಕೆ ಅಡ್ಡ ಹಿಡಿದು ಅಳುತ್ತಾ ಕೂತೆ. ಅವ್ವ ಅಪ್ಪನ ಜೊತೆ ಮಾತು ಬಿಟ್ಟಳು. ಅಪ್ಪ ಬಂದು ನನ್ನ ಪಕ್ಕ ಕೂತ.

“ಸುಳ್ಳು ಹೇಳಕ್ಕೆ ನಂಗೇನೂ ಕಷ್ಟ ಇರ್ಲಿಲ್ಲ ಮಗಾ. ನೀನು ಅಲ್ಲಿ ಬೆವರ್ತಾ ನಿಂತಿದ್ಯಲ್ಲ, ಅದ ನೋಡಕ್ಕಾಗ್ಲಿಲ್ಲ. ಇನ್ಮೇಲೆ ಒಲೆ ಮುಟ್ಟಲ್ಲ ಬಿಡು.”

ಮುಟ್ಟಲೂ ಇಲ್ಲ. ಬೀದಿಯ ಗಂಡಸರ ಜೊತೆ ಜಗಲಿಯಲ್ಲಿ ಕೂತು ಕೊಬ್ಬರಿ ಧಾರಣೆ ಮಾತಾಡಿದ. ಮೂಗು ಮಾತ್ರ ಅಡುಗೆಮನೆ ಕಡೆಗೇ ಇತ್ತು. ಅಂಥ ಒಂದು ದಿನ ಒಳಗೆ ನಾನು ಸಾರಿಗಿಟ್ಟೆ. ಅವ್ವ ಮುದ್ದೆಗೆ ನಿಂತಳು. ಬೆರಳು ಮಡಚಲಾಗದೆ ಎರಡು ಮಣಿಕಟ್ಟಿನ ನಡುವೆ ಕೋಲು ಸಿಕ್ಕಿಸಿಕೊಂಡು ಹಿಟ್ಟು ತಿರುವಿದಳು. ನಾನು ಹಿಡಿದಿದ್ದ ಪಾತ್ರೆ ಜಾರಿತು. ಕುದಿಯುವ ಹಿಟ್ಟು ಅವಳ ಪಾದದ ಮೇಲೆ ಬಿತ್ತು. ಬೀದಿಗೆ ಕೇಳೀತೆಂದು ಅವ್ವ ಕೂಗಲೂ ಇಲ್ಲ, ತುಟಿ ಕಚ್ಚಿ ಗೋಡೆ ಹಿಡಿದಳು.

ಪಾತ್ರೆಯ ಸದ್ದಿಗೆ ಅಪ್ಪ ಎದ್ದು ಅಡುಗೆಮನೆಯ ಹೊಸ್ತಿಲ ತನಕ ಬಂದ. ಒಳಗೆ ಕಾಲಿಡಲಿಲ್ಲ. ನನ್ನ ಮುಖ ನೋಡಿದ. ಅಷ್ಟು ವರ್ಷ ಆರ್ಡರ್ ಕೇಳಿ ನಡೆದ ಮನುಷ್ಯ ನನ್ನ ಬಾಯಿಂದ ಒಂದು ಆರ್ಡರಿಗೆ ಕಾಯುತ್ತಿದ್ದ.

ಯೋಚಿಸದೆ ನಾನು ಆಡಿದ ಮಾತು ಈ ಜನ್ಮದಲ್ಲಿ ಅದೊಂದೇ ಇರಬೇಕು. “ಏನ್ ನೋಡ್ತೀಯಪ್ಪಾ, ಬಾ ಒಳಗೆ! ಬರೋನು ಬತ್ತಾನೆ. ಬರ್ದಿದ್ರೆ ನಿನ್ ಕೈಯಡುಗೆ ಉಣ್ಕೊಂಡು ಇಲ್ಲೇ ಇರ್ತೀನಿ.”

ಆಡಿ ಮುಗಿಸುವಷ್ಟರಲ್ಲೇ, ನಿಜಕ್ಕೂ ಯಾರೂ ಬರದಿದ್ದರೆ ಎಂಬ ಚಿಂತೆ ಶುರುವಾಯಿತು. ಕೆಲವು ವರ್ಷ ಚೆನ್ನಾಗಿಯೇ ಚಿಂತೆ ಮಾಡಿದೆ. ಬಂದವರಿಗೆಲ್ಲ ಅಪ್ಪ ಕೂರುವ ಮೊದಲೇ ವಿಷಯ ಹೇಳಿಬಿಡುತ್ತಿದ್ದ, ಅರ್ಧ ಜನ ಕಾಫಿಗೂ ನಿಲ್ಲುತ್ತಿರಲಿಲ್ಲ. ಕಡೆಗೆ ಕೂತು ಉಂಡವರ ಮನೆಗೇ ನಾನು ಸೊಸೆಯಾದೆ.

ಆದರೆ ಅವತ್ತಿಗೆ ಅದೇನೂ ಗೊತ್ತಿರಲಿಲ್ಲ. ಅಪ್ಪ ಅವ್ವನ ಪಾದಕ್ಕೆ ತಣ್ಣೀರು ಹೊಯ್ದು, ಒದ್ದೆ ಬಟ್ಟೆ ಸುತ್ತಿ, ಬೇರೆ ಎಸರಿಟ್ಟು ಮುದ್ದೆ ತೊಳಸಿದ. ಅವ್ವನಿಗೆ ತುತ್ತು ಮುರಿದು ಬಾಯಿಗಿಟ್ಟ. ಅವಳು ನುಂಗಿ, ಅಷ್ಟು ದಿನದ ಮೇಲೆ ಮೊದಲ ಸಲ ಅವನ ಮುಖ ನೋಡಿ ಅಂದಳು:

“ಸಾರಿಗೆ ಉಪ್ಪೇ ಇಲ್ಲ ಕಣ್ರೀ.”

ಅಪ್ಪ ಖುಷಿಯಿಂದ ಉಪ್ಪಿನ ಡಬ್ಬಕ್ಕೆ ಓಡಿದ. ಸಾರು ನಾನು ಮಾಡಿದ್ದು ಎಂದು ಅವನೂ ಅನ್ನಲಿಲ್ಲ, ನಾನೂ ಅನ್ನಲಿಲ್ಲ.