ಹರಿಹರದಿಂದ ಇಳಿಸಿಕೊಂಡ ಹಾಡು

ನನ್ನ ವಾರಗಿತ್ತಿಯ ಮೇಲೆ ನನಗೆ ಹೊಟ್ಟೆಕಿಚ್ಚಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಸುತ್ತಿ ಬಳಸಿ ಮಾತಾಡುವ ಕೆಲಸ ತಪ್ಪುತ್ತದೆ. ತೊಂಬತ್ತರ ದಶಕ ಇನ್ನೇನು ಮುಗಿಯುವುದರಲ್ಲಿತ್ತು. ನಾವು ದಾವಣಗೆರೆಯ ವಿದ್ಯಾನಗರದಲ್ಲಿ, ಅವಳು ಮತ್ತು ನನ್ನ ಮೈದುನ ಹರಿಹರದ ಫ್ಯಾಕ್ಟರಿ ಕ್ವಾರ್ಟರ್ಸಿನಲ್ಲಿ. ಅತ್ತೆ ಇದ್ದದ್ದು ನಮ್ಮ ಜೊತೆ. ಬೆಳಿಗ್ಗೆ ಬಿಸಿನೀರು, ಮೊಣಕಾಲಿಗೆ ಎಣ್ಣೆ, ಅವರ ಹಲ್ಲಿಗೆ ಆಗುವಂಥ ಮೆತ್ತನೆಯ ರೊಟ್ಟಿ, ಎಲ್ಲ ನನ್ನ ಕೈಯಿಂದಲೇ. ಹನ್ನೆರಡು ವರ್ಷದಲ್ಲಿ ಒಂದು ದಿನವೂ "ಚೆನ್ನಾಗೈತೆ" ಅಂದವರಲ್ಲ. ಅವರ ಸ್ವಭಾವವೇ ಹಾಗೆ ಎಂದುಕೊಂಡು ಸುಮ್ಮನಿದ್ದೆ.

ಹೀಗಿರುವಾಗ ಮೈದುನ ಮನೆಗೆ ಕಂಪ್ಯೂಟರ್ ತಂದ. ಫೋನಿನ ವೈರು ಸಿಕ್ಕಿಸಿ ಇಂಟರ್‌ನೆಟ್ಟನ್ನೂ ಮಾಡಿಕೊಂಡ. ಒಂದು ಭಾನುವಾರ ಅಲ್ಲಿಗೆ ಹೋಗಿ ಬಂದ ಅತ್ತೆ, ಚಪ್ಪಲಿ ಬಿಡುವ ಮೊದಲೇ ಶುರುಮಾಡಿದರು.

"ನಮ್ಮ ಸಣ್ಣಾಕಿ ಎಂಥಾ ಜಾಣೆ ಅಂತೀಯ! ನಾ ಮದುವ್ಯಾದ ವರ್ಷ ನಿಮ್ಮ ಮಾವನೋರ ಜತೆಗೆ ಟೆಂಟ್ ನಾಟಕದಾಗ ಕೇಳಿದ್ದೆನಲ್ಲ, ಆ ಹಾಡು! ಕಂಪ್ಯೂಟರ್‌ನಾಗ ಹುಡುಕಿ ಕೇಳಿಸಿದಳವ್ವ. ಅದೇ ದನಿ, ಅದೇ ಹಾರ್ಮೋನಿಯಂ!"

ಆ ಹಾಡಿನ ಮೊದಲ ಸಾಲನ್ನು ಅವರು ಅಕ್ಕಿ ಆರಿಸುತ್ತ ಗುನುಗುವುದನ್ನು ನಾನು ಹನ್ನೆರಡು ವರ್ಷ ಕೇಳಿದ್ದೆ. ಎರಡನೆಯ ಸಾಲು ನೆನಪಾಗದೆ ಪೇಚಾಡುವುದನ್ನೂ ಕೇಳಿದ್ದೆ. ಅದನ್ನು ಎಲ್ಲಾದರೂ ಹುಡುಕಿ ಕೊಡಬೇಕೆಂದು ನನಗೆ ಹೊಳೆಯಲಿಲ್ಲ, ಅವಳಿಗೆ ಹೊಳೆಯಿತು. ನನಗೆ ಮೈಯೆಲ್ಲ ಉರಿದುಹೋಯಿತು.

ಅಂದಿನಿಂದ ಶನಿವಾರ ಬಂತೆಂದರೆ ಅತ್ತೆಯ ಕೈಚೀಲ ಸಿದ್ಧ. ಆ ದಿನ ಮೊಣಕಾಲು ನೋವು ಎಲ್ಲಿ ಅಡಗುತ್ತಿತ್ತೋ, ಬಸ್ಸನ್ನು ತಾವೇ ಹತ್ತುತ್ತಿದ್ದರು. ನಾನು ಕುಟ್ಟಿಟ್ಟ ಶೇಂಗಾ ಚಟ್ನಿಪುಡಿಯನ್ನು ನನ್ನನ್ನು ಒಂದು ಮಾತೂ ಕೇಳದೆ ಡಬ್ಬಿಯಿಂದ ಸುರಿದುಕೊಂಡು "ಸಣ್ಣಾಕಿಗೆ ಸೇರುತ್ತೆ" ಎಂದು ಒಯ್ಯುತ್ತಿದ್ದರು. ಅವಳು ತಿಂದು ಕೊಬ್ಬಲಿ ಎಂದು ಒಳಗೇ ಶಪಿಸಿದ್ದೇನೆ. ಸೋಮವಾರ ಬರಬೇಕಾದವರು ಮಂಗಳವಾರ ಬರತೊಡಗಿದರು.

"ಏನ್ರೀ, ನಮಗೂ ಒಂದು ಕಂಪ್ಯೂಟರ್ ಬೇಕು" ಎಂದು ಯಜಮಾನರ ಬೆನ್ನು ಹತ್ತಿದೆ.

"ಯಾಕ?"

"ಮಗಳು ಓದಬೇಕಲ್ಲ."

"ಅಕಿ ಇನ್ನೂ ಮೂರನೇ ಕ್ಲಾಸು!" ಎಂದು ನಕ್ಕರು. ನಾನು ನಗಲಿಲ್ಲ. ಮೂರು ತಿಂಗಳ ಮೇಲೆ ಕಂಪ್ಯೂಟರ್ ಬಂತು.

ಹರಿಹರಕ್ಕೆ ಫೋನ್ ಮಾಡಿ ಕೇಳಿದ್ದರೆ ವಾರಗಿತ್ತಿ ಐದು ನಿಮಿಷದಲ್ಲಿ ಎಲ್ಲ ಹೇಳಿಕೊಡುತ್ತಿದ್ದಳು. ಅವಳನ್ನು ಕೇಳುವುದೇ? ಸತ್ತರೂ ಇಲ್ಲ. ನಮ್ಮ ಬೀದಿಯಲ್ಲೇ ಕಂಪ್ಯೂಟರ್ ಕ್ಲಾಸು ನಡೆಸುತ್ತಿದ್ದ ಹೆಣ್ಣುಮಗಳೊಬ್ಬಳಿದ್ದಳು. ಅವಳನ್ನು ಕರೆದು ಕೂರಿಸಿ, ಒಗ್ಗರಣೆ ಮಂಡಕ್ಕಿ ಕೊಟ್ಟು ವಿಷಯ ಹೇಳಿದೆ. ಹಾಡು ತರಿಸುವ ಪ್ರೋಗ್ರಾಮನ್ನು ಮಾರನೆಯ ದಿನ ಒಂದು ಫ್ಲಾಪಿಯಲ್ಲಿ ತಂದು ಹಾಕಿಕೊಟ್ಟಳು.

"ಹಾಡೆಲ್ಲ ಒಂದೇ ಕಡೆ ಇರಲ್ರಿ. ಜನರ ಮನೆ ಮನೆ ಕಂಪ್ಯೂಟರ್‌ನಾಗ ಇರ್ತವೆ. ಅವರು ಲೈನ್ ಹಚ್ಕೊಂಡು ಕುಂತಿದ್ರೆ ಅವರ ಹತ್ರ ಇರೋದು ನೀವು ತಗೋಬಹುದು, ನಿಮ್ಮ ಹತ್ರ ಇರೋದು ಅವರು ತಗೋತಾರೆ."

"ತಗೊಂಡ್ರೆ ಅವರದ್ದು ಹೋಗಿಬಿಡುತ್ತಾ?"

"ಹೆಪ್ಪು ಕೊಟ್ಟಂಗ್ರಿ. ಪಕ್ಕದ ಮನಿಗೆ ಹೆಪ್ಪು ಕೊಟ್ರೆ ನಿಮ್ಮ ಮೊಸರೇನು ಖಾಲಿ ಆಗುತ್ತಾ?"

ಅದು ನನಗೆ ತಟ್ಟನೆ ಅರ್ಥವಾಯಿತು. ಬೇರೆಯವರಿಗೆ ಕಾಣುವಂತೆ ಒಂದು ಹೆಸರು ಇಟ್ಟುಕೊಳ್ಳಬೇಕು, ಸ್ವಂತದ್ದು ಬ್ಯಾಡ ಅಂದಳು. ನನ್ನ ತವರೂರು ಹದಡಿ. ಅದನ್ನೇ ಇಂಗ್ಲಿಷ್ ಅಕ್ಷರದಲ್ಲಿ ಒತ್ತಿದೆ. ಪ್ರಪಂಚದ ಜನಕ್ಕೆ ಹದಡಿ ಎಂದರೆ ಏನೆಂದು ಗೊತ್ತಾಗಬೇಕು!

ಆಮೇಲಿನ ಪಾಡು ಬೇಡ. ಮೋಡೆಮ್ಮು ಕಿರುಚಿ ಕಿರುಚಿ ಲೈನು ಹತ್ತುವುದು, ಹತ್ತಿತೆನ್ನುವಾಗ ಕಡಿಯುವುದು. "ಮನಿಗೆ ಫೋನ್ ಮಾಡಿದ್ರೆ ಯಾವಾಗ ನೋಡಿದ್ರೂ ಎಂಗೇಜು, ಯಾರ ಹತ್ರ ಮಾತಾಡ್ತಿರ್ತೀಯ?" ಎಂದು ಅಂಗಡಿಯಿಂದ ಬಂದು ಯಜಮಾನರು ರೇಗುವುದು. ಲೈನು ಹತ್ತಿದ ದಿನವೂ ಬೇರೆ ಹಾಡುಗಳೆಲ್ಲ ಸಿಕ್ಕವು, ಬೇಕಾದದ್ದು ಸಿಗಲಿಲ್ಲ. ನಾನೂ ಬಿಡಲಿಲ್ಲ.

ಒಂದು ಬುಧವಾರ ಮಧ್ಯಾಹ್ನ, ಅತ್ತೆ ಊಟ ಮಾಡಿ ಅಡ್ಡಾಗಿದ್ದ ಹೊತ್ತು, ಹಾಡಿನ ಮೊದಲೆರಡು ಪದ ಒತ್ತಿದೆ. ಪರದೆಯ ಮೇಲೆ ಒಂದೇ ಒಂದು ಹೆಸರು ಬಂತು. ಇಡೀ ಪ್ರಪಂಚದಲ್ಲಿ ಆ ಹೊತ್ತಿಗೆ ಒಬ್ಬರ ಹತ್ತಿರ ಮಾತ್ರ ಆ ಹಾಡಿತ್ತು. ಅದರ ಮೇಲೆ ಒತ್ತಿ, ಬರುವ ಹಾಡಿನ ಲೆಕ್ಕ ನೋಡುತ್ತ ಕೂತೆ. ನೂರಕ್ಕೆ ಹತ್ತು. ಇಪ್ಪತ್ತು. ನಲವತ್ತು ದಾಟಿದಾಗ ಪರದೆಯ ಮೇಲೆ ಒಂದು ಚಿಕ್ಕ ಕಿಟಕಿ ತೆರೆದುಕೊಂಡಿತು. ಇಂಗ್ಲಿಷ್ ಅಕ್ಷರ, ಕನ್ನಡ ಮಾತು.

"ಅಕ್ಕಾ, ನೀವೇ ಅಲ್ಲೇನ್ರಿ?"

ಹದಡಿ ಎಂದರೆ ಏನೆಂದು ಗೊತ್ತಿರುವ ಒಬ್ಬಳೇ ಒಬ್ಬಳ ಮನೆಯ ಬಾಗಿಲನ್ನೇ ನಾನು ತಟ್ಟಿದ್ದೆ! ಕಣ್ಣನ್ನು ಲೆಕ್ಕದ ಮೇಲೇ ಇಟ್ಟೆ. ಸ್ವಲ್ಪ ಹೊತ್ತಿಗೆ ಇನ್ನೊಂದು ಬಂತು.

"ಅತ್ತಿ ವಾರವೆಲ್ಲ ನಿಮ್ಮನ್ಯಾಗ ಇರ್ತಾರೆ. ಈ ಹಾಡಿಗೆ ಅಂತ ನಮ್ಮನಿಗೆ ಬರ್ತಾರೆ. ಇದೊಂದು ನನ್ನ ಹತ್ರ ಇರ್ಲಿ ಬಿಡ್ರಿ ಅಕ್ಕಾ."

ಹಾಡು ಬರುವುದನ್ನು ಅವಳು ತನ್ನ ಕಡೆಯಿಂದ ನಿಲ್ಲಿಸಬಹುದಿತ್ತು, ನಿಲ್ಲಿಸಲಿಲ್ಲ. ನನಗೆ ಬಿಟ್ಟು ಕೂತಳು. ಎಪ್ಪತ್ತು, ಎಂಬತ್ತು. ಆಹಾ, ನಿನಗೂ ಉರಿ ಐತೆ ಹಂಗಾದ್ರೆ, ಅನಿಸಿ ನಾಚಿಕೆಯಿಲ್ಲದೆ ಖುಷಿಪಟ್ಟೆ. ನೂರು ಆಗುವವರೆಗೂ ಅಲ್ಲಾಡದೆ ಕೂತಿದ್ದು ಆಮೇಲೆ ಫೋನಿನ ವೈರು ಕಿತ್ತೆ.

ಸಂಜೆ ಅತ್ತೆಯನ್ನು ಕೂರಿಸಿ ಹಾಡು ಹಚ್ಚಿದೆ. ಹಳೆಯ ಗ್ರಾಮಫೋನ್ ಪ್ಲೇಟಿನ ಗರಗರ ಸದ್ದು, ಹಿಂದೆಯೇ ಹಾರ್ಮೋನಿಯಂ. ಅವರು ಕಣ್ಣು ಮುಚ್ಚಿ ಪೂರ್ತಿ ಕೇಳಿದರು. "ನೀನೂ ಕಲ್ತೆಯಲ್ಲವ್ವ. ಚೆನ್ನಾಗೈತೆ" ಅಂದರು. ಹನ್ನೆರಡು ವರ್ಷ ಕಾದ ಮಾತು! ಅಡುಗೆಮನೆಗೆ ಹೋಗಿ ಕಣ್ಣೊರೆಸಿಕೊಂಡೆ.

ಆ ಶನಿವಾರ ಕೈಚೀಲ ಗೂಟದಿಂದ ಇಳಿಯಲಿಲ್ಲ. "ಹಾಡು ಇಲ್ಲೇ ಐತಲ್ಲ, ಈ ಕಾಲು ಎಳ್ಕೊಂಡು ಯಾಕ ಹೋಗ್ಲಿ" ಅಂದರು ಅತ್ತೆ. ಹತ್ತು ಗಂಟೆಗೆ ಫೋನ್ ಬಂತು.

"ಅಕ್ಕಾ, ಅತ್ತಿ ಬಸ್ ಹತ್ತಿದ್ರಾ?" ವಾರಗಿತ್ತಿ. ಬುಧವಾರದ ಸುದ್ದಿ ಎತ್ತಲಿಲ್ಲ.

"ಮೊಣಕಾಲು ನೋವಂತೆ. ಈ ವಾರ ಬರಲ್ವಂತೆ."

"ಹೌದಾ..." ಅಂದಳು. "ಹೋಳಿಗಿಗೆ ಬ್ಯಾಳಿ ಬೇಯಾಕಿಟ್ಟಿದ್ದೆ. ಆತು ಬಿಡ್ರಿ ಅಕ್ಕಾ."

ನನಗೆ ಗೆದ್ದ ಖುಷಿಯಾಗಬೇಕಿತ್ತು. ಹೆಪ್ಪು ಕೊಟ್ಟರೆ ಮೊಸರು ಖಾಲಿಯಾಗುವುದಿಲ್ಲ ಎಂದಿದ್ದಳು ಕ್ಲಾಸಿನವಳು. ಹರಿಹರದಲ್ಲಿ ಖಾಲಿಯಾಗಿತ್ತು. ಆ ವಾರವೆಲ್ಲ ಅತ್ತೆ ಹಾಡು ಹಚ್ಚು ಅಂದಾಗಲೆಲ್ಲ ನನ್ನ ಕಿವಿಯಲ್ಲಿ ಬೇಳೆ ಬೇಯುತ್ತಿತ್ತು.

ಮುಂದಿನ ಶುಕ್ರವಾರ ಆ ಹಾಡನ್ನು ಅಳಿಸಿಬಿಟ್ಟೆ.

"ಕಂಪ್ಯೂಟರ್ ಕೆಟ್ಟು ಹಾಡು ಹೋಗೈತೆ ಅತ್ತೆ. ಹರಿಹರದಾಗೆ ಕೇಳ್ಬರ್ರಿ" ಅಂದೆ.

ಅತ್ತೆ ನನ್ನನ್ನೂ ಕಂಪ್ಯೂಟರನ್ನೂ ಒಮ್ಮೆ ನೋಡಿದರು. "ಅದೆಲ್ಲ ನಿನ್ನ ಕೈಲಾಗೋದಲ್ಲ ಬಿಡು. ಅದಕ್ಕೆ ನಮ್ಮ ಸಣ್ಣಾಕಿನೇ ಸರಿ" ಎಂದು ಕೈಚೀಲ ಇಳಿಸಿದರು.

ಮಾರನೆಯ ದಿನ ಬಸ್ ಸ್ಟ್ಯಾಂಡಿಗೆ ಹೋಗಿ ಕಿಟಕಿ ಪಕ್ಕ ಕೂರಿಸಿ ಬಂದೆ. ಹೊಟ್ಟೆ ಉರಿಯುತ್ತಲೇ ಇತ್ತು, ಸುಳ್ಳೇಕೆ ಹೇಳಲಿ. ಚಟ್ನಿಪುಡಿಯನ್ನು ಮಾತ್ರ ಆ ಸಲ ನಾನೇ ಕಟ್ಟಿಕೊಟ್ಟಿದ್ದೆ.